ನೀವು ಕೇಳಿದಿರಿ: ಒಂದೂ ಗೆಲ್ಲದ ಭಾರತ ಮುಂದಿನ ಸುತ್ತಿಗೆ ಹೋದದ್ದು ಹೇಗೆ?

ಪ್ರಶ್ನೆ: 2022ರ ಮಹಿಳಾ ಹಾಕಿ ವಿಶ್ವಕಪ್‌ನ ಗುಂಪು ಹಂತದಲ್ಲಿ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆದರೂ ಮುಂದೆ ಹೋಯಿತು. ಅಷ್ಟೇ ಅಂಕ ಪಡೆದ ಚೀನಾ ಯಾಕೆ ಹೊರಬಿತ್ತು? (ಹಾಸನದ ಓದುಗರು)

ಉತ್ತರ: ಸ್ಪೇನ್ ಮತ್ತು ನೆದರ್ಲೆಂಡ್ಸ್ ಸೇರಿ ನಡೆಸಿದ ಆ ಟೂರ್ನಿಯಲ್ಲಿ 16 ತಂಡಗಳಿದ್ದವು, ನಾಲ್ಕು ಗುಂಪು. ಗುಂಪಿನಲ್ಲಿ ಮೊದಲು ಬಂದವರು ನೇರ ಕ್ವಾರ್ಟರ್‌ಫೈನಲ್‌ಗೆ ಹೋದರು. ಎರಡನೆಯ, ಮೂರನೆಯ ಸ್ಥಾನದವರು ‘ಕ್ರಾಸ್‌ಓವರ್’ ಎಂಬ ಇನ್ನೊಂದು ಪಂದ್ಯ ಗೆದ್ದು ಅಲ್ಲಿಗೆ ಸೇರಬೇಕಿತ್ತು. ನಾಲ್ಕನೆಯವರಿಗೆ ಪದಕದ ದಾರಿ ಅಲ್ಲಿಗೇ ಮುಗಿಯಿತು.

ಭಾರತ ಇಂಗ್ಲೆಂಡ್ ಜೊತೆ 1-1, ಚೀನಾ ಜೊತೆ 1-1 ಸಮ ಮಾಡಿಕೊಂಡು ನ್ಯೂಜಿಲೆಂಡ್‌ಗೆ 3-4ರಲ್ಲಿ ಸೋತಿತು. ಚೀನಾ ನ್ಯೂಜಿಲೆಂಡ್ ಜೊತೆ 2-2 ಸಮ ಮಾಡಿಕೊಂಡರೂ ಇಂಗ್ಲೆಂಡ್‌ಗೆ 0-3ರಲ್ಲಿ ಸೋತಿತು. ಇಬ್ಬರಿಗೂ ಎರಡೆರಡು ಅಂಕ. ಅಂಕ ಸಮವಾದಾಗ ಮೊದಲು ನೋಡುವುದು ಗೆದ್ದ ಪಂದ್ಯಗಳ ಸಂಖ್ಯೆ. ಅದೂ ಇಬ್ಬರಿಗೂ ಸೊನ್ನೆ. ಆಮೇಲೆ ಗೋಲುಗಳ ಅಂತರ: ಭಾರತಕ್ಕೆ ಮೈನಸ್ 1, ಚೀನಾಕ್ಕೆ ಮೈನಸ್ 3. ಪರಸ್ಪರ ಆಡಿದ ಪಂದ್ಯದ ಫಲಿತಾಂಶವನ್ನೇ ಮೊದಲು ನೋಡುತ್ತಾರೆಂದು ಹಲವರು ತಿಳಿದಿದ್ದಾರೆ. ಅದರ ಸರದಿ ಬರುವುದು ಗೋಲಂತರ, ಹೊಡೆದ ಗೋಲು ಎರಡೂ ಸಮವಾದ ಮೇಲೆ. ಹಾಗಾಗಿ ಗುಂಪು ಹಂತದಲ್ಲಿ ಸೋಲು ಖಚಿತವಾದ ಮೇಲೂ ಗೋಲು ಬಿಟ್ಟುಕೊಡದಿರುವುದು ಮುಖ್ಯ. ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರನ್ನು ತೆಗೆದು ಹನ್ನೊಂದನೆಯ ಆಟಗಾರ್ತಿಯನ್ನು ಇಳಿಸುವ ಜೂಜು ನಾಕೌಟ್‌ನಲ್ಲಿ ಸರಿ, ಗುಂಪಿನಲ್ಲಿ ಎಷ್ಟೋ ಸಲ ದುಬಾರಿ.

ಕ್ರಾಸ್‌ಓವರ್‌ನಲ್ಲಿ ಭಾರತ ಸ್ಪೇನ್‌ಗೆ 0-1ರಲ್ಲಿ ಸೋತಿತು. ಕಪ್ ನೆದರ್ಲೆಂಡ್ಸ್ ಪಾಲಾಯಿತು, ಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ 3-1.

ಪ್ರಶ್ನೆ: ಪೆನಾಲ್ಟಿ ಕಾರ್ನರ್‌ನಲ್ಲಿ ಒಂದು ಸಲ ಚೆಂಡು ಮೇಲೆ ಹೋದರೆ ಗೋಲಿಲ್ಲ ಅನ್ನುತ್ತಾರೆ, ಇನ್ನೊಂದು ಸಲ ಗೋಲ್‌ಕೀಪರ್ ತಲೆಯ ಮೇಲೆ ಹೋದದ್ದಕ್ಕೂ ಗೋಲು ಕೊಡುತ್ತಾರೆ. ಏನು ಲೆಕ್ಕ? (ಮಡಿಕೇರಿ)

ಉತ್ತರ: ರಕ್ಷಣಾ ತಂಡದ ತಪ್ಪಿಗೆ ಎದುರಾಳಿಗೆ ಸಿಗುವ ಈ ಅವಕಾಶದಲ್ಲಿ ಲೆಕ್ಕಕ್ಕೆ ಬರುವುದು ಹೊಡೆತಕ್ಕೂ ಫ್ಲಿಕ್‌ಗೂ (ಚೆಂಡನ್ನು ಸ್ಟಿಕ್‌ನಿಂದ ಎಳೆದು ಚಿಮ್ಮಿಸುವುದಕ್ಕೂ) ಇರುವ ವ್ಯತ್ಯಾಸ. ಮೊದಲ ಪ್ರಯತ್ನ ‘ಹಿಟ್’ ಆಗಿದ್ದರೆ, ಗೋಲು ಗೆರೆ ದಾಟುವಾಗ ಚೆಂಡು 460 ಮಿಲಿಮೀಟರ್‌ಗಿಂತ ಎತ್ತರದಲ್ಲಿರಬಾರದು. ಗೋಲಿನೊಳಗಿನ ಹಲಗೆಯ ಎತ್ತರ ಅಷ್ಟೇ, ಹಾಗಾಗಿ ಹಲಗೆ ‘ಠಪ್’ ಎಂದು ಸದ್ದು ಮಾಡಿದರೆ ಅನುಮಾನವಿಲ್ಲ. ಡ್ರ್ಯಾಗ್ ಫ್ಲಿಕ್‌ಗೆ, ದಾರಿಯಲ್ಲಿ ಸ್ಟಿಕ್ ತಾಗಿಸಿ ತಿರುಗಿಸಿದ ಚೆಂಡಿಗೆ ಈ ಮಿತಿಯಿಲ್ಲ; ಯಾರಿಗೂ ಅಪಾಯವಾಗದಿದ್ದರೆ ಸಾಕು. ಎರಡನೆಯ ಹಿಟ್‌ಗೂ ಮಿತಿಯಿಲ್ಲ.

ಟಿವಿಯಲ್ಲಿ ಕಾಣದೆ ಹೋಗುವುದು ಉಳಿದ ಕೆಲಸ. ಚೆಂಡನ್ನು ಒಳತಳ್ಳುವವಳು ಗೋಲು ಕಂಬದಿಂದ 10 ಮೀಟರ್ ದೂರದ ಗುರುತಿನಿಂದ ತಳ್ಳುತ್ತಾಳೆ. ಗೋಲು ಗೆರೆಯ ಹಿಂದೆ ಕೀಪರ್ ಸೇರಿ ಐವರು ಮಾತ್ರ, ಉಳಿದ ರಕ್ಷಕಿಯರು ಮಧ್ಯರೇಖೆಯಾಚೆ. ಚೆಂಡು ಗೋಲಿನ ಮುಂದಿನ ವೃತ್ತದಿಂದ (‘ಡಿ’) ಹೊರಗೆ ಹೋಗಿ ಬಂದ ಮೇಲೆಯೇ ಗೋಲು ಹೊಡೆಯಬಹುದು. ಕೆಡುವುದು ಹೆಚ್ಚಾಗಿ ಇಲ್ಲೇ: ತಳ್ಳಿದ ಚೆಂಡು ಕುಪ್ಪಳಿಸಿದರೆ ನಿಲ್ಲಿಸುವವಳ ಸ್ಟಿಕ್ ಮೇಲೆ ಹಾರುತ್ತದೆ, ನಿಲ್ಲಿಸಿದ ಜಾಗ ಒಂದಡಿ ತಪ್ಪಿದರೂ ಫ್ಲಿಕ್ ಮಾಡುವವಳ ಹೆಜ್ಜೆ ತಪ್ಪುತ್ತದೆ. ಅಷ್ಟರಲ್ಲಿ ಮೊದಲು ಓಡಿಬಂದ ರಕ್ಷಕಿ ಎದುರಿಗೆ ಬಂದಿರುತ್ತಾಳೆ. 5 ಮೀಟರ್ ಒಳಗೆ ಬಂದ ಅವಳಿಗೆ ಮೊದಲ ಹೊಡೆತ ಮೊಣಕಾಲಿಗಿಂತ ಕೆಳಗೆ ಬಡಿದರೆ ಇನ್ನೊಂದು ಪೆನಾಲ್ಟಿ ಕಾರ್ನರ್. ಮೊಣಕಾಲಿಗೋ ಅದಕ್ಕಿಂತ ಮೇಲೋ ಬಡಿದರೆ ಫ್ರೀ ಹಿಟ್ ಅವಳ ತಂಡಕ್ಕೆ. ರಕ್ಷಕಿ ಮೊದಲೇ ಓಡಿದರೆ ಅವಳನ್ನು ಮಧ್ಯರೇಖೆಯಾಚೆ ಕಳಿಸುತ್ತಾರೆ, ಬದಲಿಯಿಲ್ಲ, ನಾಲ್ವರೇ ತಡೆಯಬೇಕು.

ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 1-0ರಲ್ಲಿ ಮಣಿಸಿದ್ದು ಗುರ್ಜಿತ್ ಕೌರ್ 22ನೆಯ ನಿಮಿಷದಲ್ಲಿ ತೆಗೆದ ಇಂಥದೇ ಒಂದು ಕಾರ್ನರ್‌ನಿಂದ.

ಪ್ರಶ್ನೆ: 2022ರ ಕಾಮನ್‌ವೆಲ್ತ್ ಸೆಮಿಫೈನಲ್ ಶೂಟೌಟ್‌ನಲ್ಲಿ ಭಾರತದ ಗೋಲ್‌ಕೀಪರ್ ಸವಿತಾ ತಡೆದ ಚೆಂಡನ್ನು ಮತ್ತೆ ಆಡಿಸಿದ್ದು ನ್ಯಾಯವೇ? (ಧಾರವಾಡ)

ಉತ್ತರ: ನಿಯಮದ ಪ್ರಕಾರ ಸರಿ, ನಡೆದ ರೀತಿ ಸರಿಯಲ್ಲ. ಶೂಟೌಟ್‌ನಲ್ಲಿ ಆಟಗಾರ್ತಿ ಕೀಪರ್ ಒಬ್ಬಳನ್ನೇ ಎದುರಿಸಲು 23 ಮೀಟರ್ ಗೆರೆಯಿಂದ ಹೊರಡುತ್ತಾಳೆ. 8 ಸೆಕೆಂಡಿನೊಳಗೆ ಚೆಂಡು ಗೋಲು ಗೆರೆ ದಾಟಬೇಕು. ಗಡಿಯಾರ ಓಡದಿದ್ದರೆ ಆ ಪ್ರಯತ್ನವನ್ನು ಅಳೆಯುವುದೇ ಸಾಧ್ಯವಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಆಸ್ಟ್ರೇಲಿಯಾದ ಮೊದಲ ಪ್ರಯತ್ನಕ್ಕೆ ಗಡಿಯಾರ ಸಿದ್ಧವಾಗುವ ಮುಂಚೆಯೇ ಆಟ ಶುರುವಾಗಿತ್ತು. ಸವಿತಾ ತಡೆದರು, ಮತ್ತೆ ಆಡಿಸಿದರು, ಗೋಲಾಯಿತು. 1-1ರಲ್ಲಿ ಮುಗಿದಿದ್ದ ಪಂದ್ಯವನ್ನು ಭಾರತ ಶೂಟೌಟ್‌ನಲ್ಲಿ 0-3ರಿಂದ ಕಳೆದುಕೊಂಡಿತು. ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ ಕ್ಷಮೆ ಕೇಳಿತು. ಗಡಿಯಾರ ಸಿದ್ಧವಿದೆಯೇ ಎಂದು ನೋಡಿ ಸೀಟಿ ಊದುವುದು ಅಧಿಕಾರಿಗಳ ಕೆಲಸ. ಅವರ ತಪ್ಪಿಗೆ ದಂಡ ತೆತ್ತದ್ದು ಕೀಪರ್. ಎರಡನೆಯ ಸಲ ಅವಳು ಯಾವ ಕಡೆಗೆ ಬೀಳುತ್ತಾಳೆಂದು ಎದುರಾಳಿ ಒಮ್ಮೆ ನೋಡಿಯಾಗಿರುತ್ತದೆ.

ಕೀಪರ್ ಅರಿಯದೆ ಫೌಲ್ ಮಾಡಿದರೂ ಮರುಪ್ರಯತ್ನವೇ ಸಿಗುತ್ತದೆ. ಬೇಕೆಂದೇ ಮಾಡಿದರೆ ಪೆನಾಲ್ಟಿ ಸ್ಟ್ರೋಕ್, ಅಂದರೆ ಹತ್ತಿರದಿಂದ ಕೀಪರ್ ಒಬ್ಬಳ ಎದುರು ಒಂದೇ ಪ್ರಯತ್ನ.

ಪ್ರಶ್ನೆ: ಕರ್ನಾಟಕದ ಮಹಿಳಾ ಹಾಕಿಗೆ ಹೇಳಿಕೊಳ್ಳುವ ಇತಿಹಾಸವಿದೆಯೇ? (ಬೆಂಗಳೂರು)

ಉತ್ತರ: ಇದೆ, ಮರೆತಿದ್ದೇವೆ ಅಷ್ಟೇ. ನಿಮ್ಮ ಊರಿನವರೇ ಆದ ಎಲ್ವೆರಾ ಬ್ರಿಟ್ಟೊ ಮತ್ತು ಸಹೋದರಿಯರಾದ ರೀಟಾ, ಮೇ 1960ರ ದಶಕದಲ್ಲಿ ಅಂದಿನ ಮೈಸೂರು ರಾಜ್ಯ ತಂಡದ ಬೆನ್ನೆಲುಬಾಗಿದ್ದರು. ಎಲ್ವೆರಾ ನಾಯಕತ್ವದ ತಂಡ 1960ರಿಂದ 1967ರವರೆಗಿನ ಅವಧಿಯಲ್ಲಿ ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 1965ರ ಅರ್ಜುನ ಪ್ರಶಸ್ತಿ ಅವರಿಗೆ ಬಂತು.

ಪ್ರಶ್ನೆ: ಹನ್ನೆರಡು ವರ್ಷದ ಮಗಳು ಎಡಗೈಯವಳು. ಎಡಗೈ ಸ್ಟಿಕ್ ಎಲ್ಲಿ ಸಿಗುತ್ತದೆ? (ಶಿವಮೊಗ್ಗ)

ಉತ್ತರ: ಹುಡುಕಬೇಡಿ. ಸ್ಟಿಕ್‌ನ ಚಪ್ಪಟೆ ಮುಖ ಎಡಕ್ಕೇ ಇರಬೇಕೆಂಬುದು ನಿಯಮ, ಎಲ್ಲರಿಗೂ ಒಂದೇ ಬಗೆ. ಇದರಿಂದ ಅವಳಿಗೆ ನಷ್ಟವಿಲ್ಲ: ಹಿಡಿಯ ತುದಿಯಲ್ಲಿ ಸ್ಟಿಕ್ ತಿರುಗಿಸುವುದು ಎಡಗೈಯೇ, ಬಲಗೈ ಬರೀ ಆಸರೆ.

ಕೊಳ್ಳುವಾಗ ಸ್ಟಿಕ್ ನೆಲಕ್ಕೂರಿ ಪಕ್ಕದಲ್ಲಿ ನಿಲ್ಲಿಸಿ, ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು. ‘ಬೆಳೆಯುತ್ತಾಳೆ’ ಎಂದು ಉದ್ದದ್ದು ಕೊಟ್ಟರೆ ಬಗ್ಗದೆ ಆಡುವ ಅಭ್ಯಾಸ ಬೀಳುತ್ತದೆ, ಅದನ್ನು ಬಿಡಿಸುವುದು ಕಷ್ಟ. ಕಾರ್ಬನ್ ಹೆಚ್ಚಿದ್ದಷ್ಟೂ ಸ್ಟಿಕ್ ಬಿರುಸು. ಹೊಡೆತಕ್ಕೆ ಬಲ ಬರುತ್ತದೆ, ಆದರೆ ನಿಲ್ಲಿಸಲು ಹೋದ ಚೆಂಡು ಪುಟಿದು ಹೋಗುತ್ತದೆ. ಕಲಿಯುವವರಿಗೆ ಕಾರ್ಬನ್ ಕಡಿಮೆಯಿರುವುದೇ ಒಳ್ಳೆಯದು. ಮಣ್ಣಿನ ಮೈದಾನದಲ್ಲಿ ಆಡುವುದಾದರೆ ದುಬಾರಿ ಸ್ಟಿಕ್ ಬೇಡವೇ ಬೇಡ, ಜಲ್ಲಿಗೆ ಉಜ್ಜಿ ಅದರ ಕೆಳತುದಿ ಬೇಗ ಸವೆಯುತ್ತದೆ.