ಒಗ್ಗರಣೆ ಹಾಕಿದರೆ ಸ್ಮೋಕ್ ಡಿಟೆಕ್ಟರ್ ಯಾಕೆ ಕಿರುಚುತ್ತೆ?

ಮೇಡಂ, ನ್ಯೂಜೆರ್ಸಿಯ ಬಾಡಿಗೆ ಮನೇಲಿ ಒಗ್ಗರಣೆ ಹಾಕಿದಾಗಲೆಲ್ಲ ಸ್ಮೋಕ್ ಡಿಟೆಕ್ಟರ್ ಕಿರುಚುತ್ತೆ, ಹಿಂದುಗಡೆ 'ಅಮೆರಿಸಿಯಂ-241' ಅಂತ ಬೇರೆ ಬರೆದಿದೆ, ಮಗು ಇರೋ ಮನೇಲಿ ಪರವಾಗಿಲ್ವಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು ಪ್ಲಾಸ್ಟಿಕ್ ಕವರ್ ಕಟ್ಟಿಬಿಡಿ ಅಂದಿದ್ದಾರೆ. ದಯವಿಟ್ಟು ಅದೊಂದು ಮಾಡಬೇಡಿ. ಕವರ್ ಕಟ್ಟೋದು ನೆನಪಿರುತ್ತೆ, ಬಿಚ್ಚೋದು ಇರಲ್ಲ.

ಅಮೆರಿಸಿಯಂ ಅನ್ನೋ ವಿಕಿರಣಶೀಲ ಲೋಹ ಇದೆ ಅಂದ್ರೆ ನಿಮ್ಮದು ಅಯಾನೀಕರಣ (ಅಯಾನೈಸೇಶನ್) ಮಾದರಿ. ಒಳಗೆ ಒಂದು ಪುಟ್ಟ ಕೋಣೆ, ಅದರಲ್ಲಿ ಎರಡು ಲೋಹದ ಫಲಕ, ನಡುವೆ ಬ್ಯಾಟರಿಯ ವೋಲ್ಟೇಜು. ಅಮೆರಿಸಿಯಂ ಇರೋದು ಮೈಕ್ರೋಗ್ರಾಂನ ಮೂರನೇ ಒಂದು ಪಾಲಿನಷ್ಟು. ಅದರಿಂದ ಹೊರಡುವ ಆಲ್ಫಾ ಕಣಗಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಅಯಾನುಗಳನ್ನ, ಅಂದ್ರೆ ವಿದ್ಯುದಾವೇಶ ಇರೋ ಕಣಗಳನ್ನ, ಮಾಡುತ್ತವೆ, ಅವು ಫಲಕಗಳ ಕಡೆ ಸರಿದು ಸಣ್ಣ ಕರೆಂಟು ಹರಿಯುತ್ತೆ. ಹೊಗೆಯ ಕಣ ಒಳಗೆ ಬಂದರೆ ಅಯಾನುಗಳು ಅದಕ್ಕೆ ಅಂಟಿಕೊಂಡು ನಿಧಾನವಾಗುತ್ತವೆ, ಕರೆಂಟು ಕುಸಿಯುತ್ತೆ, ಅಲಾರಂ ಕೂಗುತ್ತೆ.

ಆ ಕರೆಂಟು ಪಿಕೋಆಂಪಿಯರ್ (ಆಂಪಿಯರಿನ ಲಕ್ಷ ಕೋಟಿಯಲ್ಲೊಂದು ಪಾಲು) ಲೆಕ್ಕದ್ದು, ಕರೆಂಟು ಅಳೆಯೋ ನಮ್ಮ ಮಲ್ಟಿಮೀಟರಿಗೆ ಸಿಗೋದೇ ಇಲ್ಲ. ಇಲ್ಲಿ ಸರ್ಕ್ಯೂಟು ಆಡುವವರಿಗೆ ಒಂದು ಮಾತು: ಹಳೇ ಡಿಟೆಕ್ಟರ್‌ಗಳಲ್ಲಿ ಬರುತ್ತಿದ್ದ ಮೋಟೊರೊಲಾ ಎಂಸಿ14467 ಚಿಪ್ಪಿನ ಡೇಟಾಶೀಟ್ ನೋಡಿ. ಸಿಗ್ನಲ್ ಬರೋ 15ನೇ ಪಿನ್ನಿನ ಎರಡೂ ಪಕ್ಕ ಗಾರ್ಡ್ ಪಿನ್ ಕಾವಲಿಟ್ಟಿದ್ದಾರೆ. ಬೋರ್ಡಿನ ಮೇಲಿನ ಧೂಳು, ತೇವದ ಮೂಲಕ ಸೋರುವ ಕರೆಂಟೇ ಲೆಕ್ಕ ತಪ್ಪಿಸೀತು ಅನ್ನೋ ಭಯ.

ಈಗ ಒಗ್ಗರಣೆ. ಕಾದ ಎಣ್ಣೆಗೆ ಸಾಸಿವೆ, ಮೆಣಸಿನಕಾಯಿ ಬಿದ್ದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ರಾಶಿರಾಶಿ ಏಳುತ್ತವೆ. ಅಯಾನೀಕರಣ ಮಾದರಿಗೆ ಸೂಕ್ಷ್ಮತೆ ಹೆಚ್ಚಿರೋದೂ ಇಂಥ ಸಣ್ಣ ಕಣಗಳಿಗೇ. ಅದು ಘಾಟಿಗೆ ಕೂಗ್ತಿಲ್ಲ, ಕಣಗಳಿಗೆ ಕೂಗ್ತಿದೆ. ಗ್ಯಾಸ್ ಸೋರಿದರೆ ಅದಕ್ಕೆ ಗೊತ್ತೂ ಆಗಲ್ಲ, ಗ್ಯಾಸಿಗೂ ಕಾರ್ಬನ್ ಮಾನಾಕ್ಸೈಡಿಗೂ ಅಲಾರಂ ಬೇರೆ.

ಇನ್ನೊಂದು ದ್ಯುತಿವಿದ್ಯುತ್ (ಫೋಟೊಎಲೆಕ್ಟ್ರಿಕ್) ಮಾದರಿ. ಕತ್ತಲ ಗೂಡಿನಲ್ಲಿ ಒಂದು ಇನ್‌ಫ್ರಾರೆಡ್ ಎಲ್‌ಇಡಿ, ಅದರ ಬೆಳಕು ನೇರ ಬೀಳದ ಹಾಗೆ ಓರೆಯಾಗಿ, ಬೆಳಕು ಬಿದ್ದರೆ ಗುರುತಿಸೋ ಒಂದು ಫೋಟೋಡಯೋಡ್. ಹೆಂಚಿನ ಸಂದಿಯ ಬಿಸಿಲುಕೋಲಲ್ಲಿ ಧೂಳು ಹೊಳೆಯೋ ಹಾಗೆ, ಹೊಗೆ ಬಂದಾಗ ಬೆಳಕು ಚದುರಿ ಡಯೋಡಿಗೆ ಬೀಳುತ್ತೆ, ಅಲಾರಂ ಕೂಗುತ್ತೆ. ಹಾಸಿಗೆ, ಸೋಫಾ ಜ್ವಾಲೆ ಇಲ್ಲದೆ ಹೊಗೆಯಾಡುತ್ತಾ ಸುಡುವಾಗ ಏಳುವ ದಪ್ಪ ಕಣಗಳನ್ನ ಇದು ಬೇಗ ಹಿಡಿಯುತ್ತೆ. ಅಯಾನೀಕರಣದ್ದು ಅಲ್ಲಿ ಎಷ್ಟೋ ನಿಮಿಷ ಹಿಂದೆ ಬೀಳಬಹುದು. ಧಗ್ಗನೆ ಹೊತ್ತುವ ಬೆಂಕಿಗೆ ಅಯಾನೀಕರಣದ್ದೇ ಸ್ವಲ್ಪ ಮುಂದು. ಮಲಗೋ ಕೋಣೆ ಹತ್ತಿರ, ಅಡುಗೆಮನೆ ಆಸುಪಾಸು, ನನ್ನ ಆಯ್ಕೆ ದ್ಯುತಿವಿದ್ಯುತ್ತೇ. ಆದರೆ ದ್ಯುತಿವಿದ್ಯುತ್ತಿಗೆ ಹಬೆ ಆಗಲ್ಲ, ಬಚ್ಚಲ ಬಾಗಿಲ ಮುಂದೆ ಹಾಕಿಸಬೇಡಿ.

ವಿಕಿರಣದ ಚಿಂತೆ ಬಿಡಿ. ಆಲ್ಫಾ ಕಣಗಳು ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಹೋಗಿ ನಿಲ್ಲುತ್ತವೆ, ಒಂದು ಹಾಳೆ ಕಾಗದ ಸಾಕು ತಡೆಯೋಕೆ. ಜೊತೆಗೆ ಬರೋ ಗಾಮಾ ಕಿರಣ ಲೆಕ್ಕಕ್ಕಿಲ್ಲದಷ್ಟು. ಚಾವಣಿಯಲ್ಲಿ ಇರೋವರೆಗೆ ಮಗುವಿಗೆ ಏನೂ ಇಲ್ಲ. ಅಪಾಯ ಇರೋದು ಬಿಚ್ಚಿ ಕೆರೆದು, ಪುಡಿ ಮೂಗಿಗೋ ಬಾಯಿಗೋ ಹೋದರೆ. ಮಿಶಿಗನ್ನಿನ ಹುಡುಗನೊಬ್ಬ ಇಂಥ ಡಿಟೆಕ್ಟರ್‌ಗಳ ಅಮೆರಿಸಿಯಂ ಕೂಡಿಹಾಕಿ ಪ್ರಯೋಗಕ್ಕಿಳಿದು, 1995ರಲ್ಲಿ ಸರ್ಕಾರದವರೇ ಬಂದು ಅವನ ಶೆಡ್ಡನ್ನ ಕಿತ್ತು ಸಾಗಿಸಬೇಕಾಯ್ತು. ಅದಕ್ಕೇ ಮನೆಯವರು ಕೇಳಿದರೂ ಸ್ಕ್ರೂಡ್ರೈವರ್ ಕೊಡಬೇಡಿ.

ಮೊದಲು ಒಲೆಯಿಂದ ಡಿಟೆಕ್ಟರ್‌ಗೆ ಎಷ್ಟು ದೂರ ಅಂತ ಟೇಪ್ ಹಿಡಿದು ನೋಡಿ. 10 ಅಡಿಗಿಂತ ಹತ್ತಿರ ಇದ್ದರೆ ಜಾಗ ಬದಲಿಸೋಕೆ, ಇಲ್ಲಾಂದ್ರೆ ದ್ಯುತಿವಿದ್ಯುತ್ ಹಾಕಿಕೊಡೋಕೆ ಅಪಾರ್ಟ್‌ಮೆಂಟಿನ ಆಫೀಸಿಗೆ ಬರೆದು ಕೇಳಿ. ಬಾಡಿಗೆ ಮನೆ, ನೀವೇ ಕೀಳೋಕೆ ಹೋಗಬೇಡಿ. ಅಲ್ಲೀವರೆಗೆ ಚಿಮಣಿ ಫ್ಯಾನ್ ಹಾಕಿಯೇ ಎಣ್ಣೆ ಕಾಯಿಸಿ. 'ಹಷ್' ಬಟನ್ ಇದ್ದರೆ ಅದನ್ನೊತ್ತಿದರೆ ಕೆಲವು ನಿಮಿಷ ಸುಮ್ಮನಿರುತ್ತೆ, ಆಮೇಲೆ ತಾನೇ ಕಾವಲಿಗೆ ಮರಳುತ್ತೆ. ನಿಮಿಷಕ್ಕೊಮ್ಮೆ ಕೀಚ್ ಅನ್ನೋದು ಬೇರೆ ವಿಷಯ, ಸಾಮಾನ್ಯವಾಗಿ ಬ್ಯಾಟರಿ ಮುಗಿದಿರುತ್ತೆ.

ಹಿಂದುಗಡೆ ತಯಾರಿಕೆಯ ತಾರೀಕೂ ಇರುತ್ತೆ. 10 ವರ್ಷ ದಾಟಿದ್ದರೆ ಚರ್ಚೆಯೇ ಬೇಡ, ಹೊಸದು ಕೇಳಿ. ಆ ಲೇಬಲ್ಲಿನ ಫೋಟೊ ಇಲ್ಲಿ ಹಾಕಿ, ನೋಡ್ತೀನಿ.