ಲಾಮಸ್ ಮೇಣದಬತ್ತಿಗೆ ಗೋಧಿ ತೆನೆ ಸುತ್ತಬಹುದಾ?

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಲಾಮಸ್ (ಬ್ರಿಟನ್ನಿನ ಹಳೇ ಸುಗ್ಗಿ ಹಬ್ಬ) ಯಾವತ್ತು, ಮೇಣದಬತ್ತಿಗೆ ಗೋಧಿ ತೆನೆ ಸುತ್ತಬಹುದಾ ಅಂತ ಕೇಳಿದ್ದೀರಿ. ಬ್ರಿಟನ್ನಿನಲ್ಲಿ ಆಗಸ್ಟ್ 1. ನಿಮ್ಮಲ್ಲಿ ಋತು ತಿರುಗುಮುರುಗು, ಹಾಗಾಗಿ ಹೆಚ್ಚಿನವರು ಫೆಬ್ರವರಿ 1 ಅಥವಾ 2ಕ್ಕೆ ಮಾಡುತ್ತಾರೆ. ಅದು ಕಡು ಬೇಸಿಗೆ. ಟೋಟಲ್ ಫೈರ್ ಬ್ಯಾನ್ (ಹೊರಗೆ ಬೆಂಕಿ ಹಚ್ಚಬಾರದು ಅನ್ನೋ ಸರ್ಕಾರಿ ನಿಷೇಧ) ಇದ್ದ ದಿನ ಹಿತ್ತಲಲ್ಲಿ ಹಚ್ಚಲೇಬೇಡಿ, ಒಳಗೇ ಇಟ್ಟುಕೊಳ್ಳಿ.

ತೆನೆ ಮಾತ್ರ ಸುತ್ತಬೇಡಿ! ನಾನೊಮ್ಮೆ ಸುತ್ತಿದ್ದೆ. ಬತ್ತಿ ಅರ್ಧಕ್ಕಿಳಿಯುವಷ್ಟರಲ್ಲಿ ಕಟ್ಟಿದ ದಾರ ಹೊಗೆಯಾಡಿ, ಪಕ್ಕದಲ್ಲಿದ್ದ ಬ್ರೆಡ್ ಮೇಲೆಲ್ಲ ಮಸಿ. ಈಗ ಅಗಲವಾದ ಮಣ್ಣಿನ ತಟ್ಟೆಗೆ ಮರಳು ತುಂಬಿ, ನಡುವೆ ದಪ್ಪ ಮೇಣದಬತ್ತಿ ನಿಲ್ಲಿಸುತ್ತೇನೆ. ತೆನೆ ಒಂದು ಮೊಳ ದೂರ.

ಬಣ್ಣಕ್ಕೆ ಕಟ್ಟುನಿಟ್ಟಿಲ್ಲ. ಹಳದಿ, ಚಿನ್ನದ ಬಣ್ಣ ಜಾಸ್ತಿ ಬಳಸುತ್ತಾರೆ. ನನಗಂತೂ ಜೇನುಮೇಣವೇ ಇಷ್ಟ, ಅದರ ಬಣ್ಣವೇ ಹಳದಿ ಅಲ್ವಾ. ಬ್ರೆಡ್ ಮಾತ್ರ ಬಿಡಬೇಡಿ, ಲಾಮಸ್ ಅನ್ನೋ ಹೆಸರು ಬಂದಿದ್ದೇ ಅದರಿಂದ.