ಮಾಂಗಾ ಸಂಪುಟಗಳಿಗೆ ಹಿಡಿದ ಬೂಷ್ಟು

ಮಡಿಕೇರಿಯ ಮನೆಯಲ್ಲಿ ಹೊರಗೋಡೆಗೆ ಒರಗಿಸಿಟ್ಟ ಕಪಾಟಿನ ಮಾಂಗಾ (ಜಪಾನಿ ಚಿತ್ರಕಥೆ) ಸಂಪುಟಗಳ ಅಂಚಿಗೆ ಬೂದುಬಣ್ಣದ ಪುಡಿ ಹಿಡಿದಿದೆ ಎಂದು ಬರೆದಿದ್ದೀರಿ. ಅದು ಬಹುಶಃ ಬೂಷ್ಟು. ಗಾಳಿಯ ಆರ್ದ್ರತೆ ಶೇ. 65ನ್ನು ದಾಟಿ ದಿನಗಟ್ಟಲೆ ಹಾಗೆಯೇ ಉಳಿದರೆ ಕಾಗದದ ಮೇಲೆ ಅದು ಬೆಳೆಯುತ್ತದೆ. ಕೊಡಗಿನ ಮಳೆಗಾಲದಲ್ಲಿ ತಣ್ಣಗಿನ ಹೊರಗೋಡೆಯ ಪಕ್ಕ ತೇವ ಇನ್ನೂ ಹೆಚ್ಚು.

ಮೊದಲು ಬೂಷ್ಟು ಹಿಡಿದ ಸಂಪುಟಗಳನ್ನು ಬೇರೆಯಾಗಿಡಿ. ಅವನ್ನು ಫ್ಯಾನಿನ ಗಾಳಿಯಾಡುವ ಕೋಣೆಯಲ್ಲಿ ಪುಟಗಳು ಬಿಡಿಸಿಕೊಳ್ಳುವಂತೆ ನೆಟ್ಟಗೆ ನಿಲ್ಲಿಸಿ ಒಣಗಿಸಿ. ಒಲೆಯ ಪಕ್ಕದಲ್ಲಾಗಲಿ ಬಿಸಿಲಿನಲ್ಲಾಗಲಿ ಇಡಬೇಡಿ, ಬೆನ್ನಿನ ಅಂಟು ಬಿರಿದು ಹಾಳೆಗಳು ಕಳಚಬಹುದು. ಪೂರ್ತಿ ಒಣಗಿದ ನಂತರ ಮಾಸ್ಕ್ ಧರಿಸಿ, ಮನೆಯ ಹೊರಗೆ, ಮೃದುವಾದ ಬ್ರಷ್‌ನಿಂದ ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿ. ಜಪಾನಿ ಕ್ರಮದ ಸಂಪುಟಗಳಿಗೆ ಬೆನ್ನು ಬಲಕ್ಕಿರುವುದರಿಂದ, ಮುಖಪುಟ ಮೇಲಿದ್ದಾಗ ಕೈ ಬಲದಿಂದ ಎಡಕ್ಕೆ ಸಾಗಬೇಕು. ಒದ್ದೆ ಬಟ್ಟೆ ಬೇಡವೇ ಬೇಡ. ನೆರಳಿಗಾಗಿ ಮುದ್ರಿಸಿದ ಸಣ್ಣ ಚುಕ್ಕೆಗಳ ಸೊಗಸು ಕೆಟ್ಟರೆ ಚಿತ್ರವೇ ಮಂಕಾಗುತ್ತದೆ.

ಬೂಷ್ಟು ಉಳಿಸಿಹೋಗುವ ಕಂದು ಕಲೆಗಳು ಪೂರ್ತಿ ಹೋಗುತ್ತವೆ ಎಂದು ಭರವಸೆ ಕೊಡಲಾರೆ. ಆದರೆ ಓದಿಗೆ ಅಡ್ಡಿಯಿಲ್ಲ, ಎಸೆಯಬೇಡಿ.

ಕಪಾಟನ್ನು ಒಳಗೋಡೆಯ ಕಡೆಗೆ ಸರಿಸಿ, ಹಿಂದೆ ಒಂದು ಗೇಣು ಜಾಗ ಬಿಡಿ. ಮಳೆ ಮುಗಿಯುವವರೆಗೆ ಚೆನ್ನಾಗಿ ಒಣಗಿದ ಸಂಪುಟಗಳನ್ನು ಮಾತ್ರ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಳದ ಡಬ್ಬಿಯಲ್ಲಿಟ್ಟು, ವಾರಕ್ಕೊಮ್ಮೆ ತೆರೆದು ನೋಡಿ.